ಬಲಗಡೆಯ ಪೆಟ್ಟಿಗೆ

3 ನವೆಂಬರ್ 1996, ಭಾನುವಾರ
ಹೊಳೆನರಸೀಪುರ

ಇವತ್ತು ಪಾಲಾಯಿತು. ಅಪ್ಪ ಹೋಗಿ ಇನ್ನೂ ತಿಂಗಳು ತುಂಬಿಲ್ಲ. ತಮ್ಮ ಆತ್ರೇಯನಿಗೆ ಹಾಸನದಿಂದ ಮತ್ತೆ ಮತ್ತೆ ಬರಲು ರಜೆ ಸಿಗುವುದಿಲ್ಲವಂತೆ, ಒಂದೇ ಸಲಕ್ಕೆ ಮುಗಿಸಿಬಿಡೋಣ ಎಂದ. ಈ ಮನೆಯನ್ನು ಅಪ್ಪ ನನ್ನ ಹೆಸರಿಗೂ ಶಾಂತಿಗ್ರಾಮದ ಜಮೀನನ್ನು ಅವನ ಹೆಸರಿಗೂ ಮೊದಲೇ ಬರೆದಿಟ್ಟಿದ್ದರು. ಉಳಿದದ್ದು ಪಾತ್ರೆಪಡಗ, ಮಂಚ, ಬೀರು ಮತ್ತು ಅಪ್ಪನ ಸ್ಟೀರಿಯೋ.

ಹಂಚಿಕೊಡಲು ಕೂತವರು ಪಾತ್ರೆ ಅಂಗಡಿಯ ಈಶ್ವರಯ್ಯನವರು. ನಮ್ಮ ಬೀದಿಯಲ್ಲಿ ಯಾರ ಮನೆ ಪಾಲಾದರೂ ಅವರನ್ನೇ ಕರೆಯುವುದು. ಚೊಂಬು, ತಟ್ಟೆ, ಕೊಳಗ ಎಲ್ಲವನ್ನೂ ಎರಡು ಸಾಲಾಗಿ ಜೋಡಿಸುತ್ತಾ ಬಂದರು. ಅಮ್ಮನ ಕಾಲದ ಬೆಳ್ಳಿ ದೀಪದ ಕಂಬಗಳು ಬಂದಾಗ ಮಾತ್ರ ಕೈ ತಡೆದರು. "ದೀಪದ ಕಂಬ ಜೋಡಿ ಕಣವ್ವ, ಅಗಲಿಸ್ಬಾರ್ದು. ಸಂಸಾರ ಇರೋ ಮನೆಗೇ ಓಗ್ಲಿ" ಎಂದು ಎರಡನ್ನೂ ಆತ್ರೇಯನ ಸಾಲಿಗೆ ಇಟ್ಟರು. ನಲವತ್ನಾಲ್ಕು ವರ್ಷದ ಕನ್ಯೆಯ ಮನೆಯಲ್ಲಿ ದೀಪ ಹಚ್ಚಿದರೆ ಉರಿಯುವುದಿಲ್ಲವೇನೋ.

ಆಮೇಲೆ ಸ್ಟೀರಿಯೋ. ಪ್ಲೇಯರೂ ಆಂಪ್ಲಿಫೈಯರೂ ಹಾಡಿನ ಪ್ಲೇಟುಗಳೂ ನನಗೆ, ಏಕೆಂದರೆ ಆತ್ರೇಯನಿಗೆ ಅವನ್ನು ನಡೆಸಲು ಬರುವುದಿಲ್ಲ. ಸ್ಪೀಕರ್ ಪೆಟ್ಟಿಗೆಗಳನ್ನು ನೋಡಿ ಈಶ್ವರಯ್ಯನವರು ಒಂದು ಗಳಿಗೆಯೂ ಯೋಚಿಸಲಿಲ್ಲ. "ಎರಡವೆ. ಒಂದೊಂದು ತಕ್ಕಳಿ" ಎಂದರು.

ಎರಡೂ ಅಕ್ಕನಿಗೇ ಇರಲಿ ಎಂದು ಆತ್ರೇಯನೇ ಹೇಳುತ್ತಾನೆ ಎಂದು ಕಾದೆ. ಅವನು ಎಡಗಡೆಯದನ್ನು ಎತ್ತಿ ವ್ಯಾನಿಗೆ ಇಟ್ಟ. ಅದು ನಿಂತಿದ್ದ ಕಡೆ ಕೆಂಪು ಗಾರೆಯ ಮೇಲೆ ನಾಲ್ಕು ಮೂಲೆಯ ಗುರುತು ಉಳಿದಿದೆ. ಕೆಲಸದ ಸಣ್ಣಕ್ಕ ಎಷ್ಟು ಒರೆಸಿದರೂ ಹೋಗಲಿಲ್ಲ. ಅವಳಿಗೆ ಒರೆಸಲು ಹೇಳಿದವರು ಯಾರೋ, ನಾನಂತೂ ಅಲ್ಲ.

5 ನವೆಂಬರ್, ಮಂಗಳವಾರ

ಸ್ಕೂಲಿಗೆ ಹೋದೆ. ಹಿಂದಿ ಮೇಡಂ ಬಡವಾಗಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ನನ್ನ ಬಗ್ಗೆ ಪಿಸಪಿಸ. ಬಡವಾಗಿಲ್ಲ. ಸಿಟ್ಟು ಬಂದಿದೆ, ಅಷ್ಟೆ.

10 ನವೆಂಬರ್, ಭಾನುವಾರ

ಊರಿಗೆಲ್ಲ ದೀಪಾವಳಿ. ನಮಗೆ ಈ ವರ್ಷ ಹಬ್ಬವಿಲ್ಲ. ಹೊರಗೆ ಪಟಾಕಿ, ಒಳಗೆ ನಾನು. ಕೊನೆಗೆ ಧೈರ್ಯ ಮಾಡಿ ಸ್ಟೀರಿಯೋದ ಬಟ್ಟೆ ತೆಗೆದೆ. ಅಪ್ಪ ಹೋದ ಮೇಲೆ ಇದೇ ಮೊದಲು.

ಈ ಪೆಟ್ಟಿಗೆಗಳು 1978ರಲ್ಲಿ ನಮ್ಮ ಮನೆಗೆ ಬಂದವು. ಅಪ್ಪ ಆಗ ಹೇಮಾವತಿ ಯೋಜನೆಯಲ್ಲಿ ಓವರ್‌ಸಿಯರ್. ಗೊರೂರಿನಿಂದ ವರ್ಗವಾಗಿ ಹೊರಟ ಎಂಜಿನಿಯರೊಬ್ಬರು ಯಾವುದೋ ದೇಶದಿಂದ ತಂದಿದ್ದನ್ನು ಅಪ್ಪನಿಗೆ ಕೊಟ್ಟು ಹೋದರು. ಮೊಣಕಾಲೆತ್ತರದ ತೇಗದ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಒಳಗೆ ಊಟದ ತಟ್ಟೆಯಷ್ಟು ಅಗಲದ ಕಪ್ಪು ಕಾಗದದ ಕೋನು. ಈಗಿನ ಪ್ಲಾಸ್ಟಿಕ್ ಡಬ್ಬಿಗಳು ದುಡುಂ ದುಡುಂ ಎಂದು ಎದೆಗೆ ಗುದ್ದುತ್ತವೆ. ಇವು ಗುದ್ದುವುದಿಲ್ಲ. ತಂಬೂರಿ ಮೀಟಿದರೆ ಕೋಣೆಯ ಗಾಳಿಯೇ ಬೆಚ್ಚಗಾಗುತ್ತದೆ. ಹಾಡುವವರು ಸಾಲು ಹಿಡಿಯುವ ಮೊದಲು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಅಪ್ಪ ಅದಕ್ಕೇ ಮಾರುಹೋಗಿದ್ದರು.

ಹದಿನೆಂಟು ವರ್ಷ, ಸಂಜೆ ಆರೂವರೆಗೆ, ಕರೆಂಟ್ ಇದ್ದರೆ, ನಾವಿಬ್ಬರೂ ಕೇಳಿದ್ದೇವೆ. ಅಪ್ಪ ಹಜಾರದ ನಡುವೆ ಬೆತ್ತದ ಕುರ್ಚಿಯಲ್ಲಿ, ನಾನು ಬಲಗಡೆ ಪೆಟ್ಟಿಗೆಯ ಪಕ್ಕ ಚಾಪೆಯ ಮೇಲೆ. ಪ್ಲೇಯರ್ ಅಲ್ಲೇ ಇದ್ದದ್ದರಿಂದ ಪ್ಲೇಟು ಒರೆಸಿ, ಮುಳ್ಳು ಇಟ್ಟು, ಇಪ್ಪತ್ತು ನಿಮಿಷಕ್ಕೊಮ್ಮೆ ತಿರುಗಿಸುವ ಕೆಲಸ ನನ್ನದು. ಅಪ್ಪ ಬೇರೆ ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. ಆತ್ರೇಯ ಒಮ್ಮೆ ಮುಳ್ಳು ಮುಟ್ಟಲು ಹೋಗಿ ಬೆನ್ನಿಗೆ ಏಟು ತಿಂದಿದ್ದ. ಚನ್ನರಾಯಪಟ್ಟಣದಿಂದ ನನಗೆ ಸಂಬಂಧ ಬಂದಾಗ ಅಪ್ಪ, "ಇವಳು ಹೋದ್ರೆ ನನ್ನ ಪ್ಲೇಟು ತಿರುಗ್ಸೋರು ಯಾರು" ಎಂದು ಬಂದವರ ಎದುರಿಗೇ ನಗುತ್ತಾ ಅಂದಿದ್ದರು. ನಾನೂ ನಕ್ಕಿದ್ದೆ. ಅಷ್ಟು ನೆಚ್ಚಿಕೊಂಡಿದ್ದರು ನನ್ನನ್ನು.

ಒಂದೇ ಪೆಟ್ಟಿಗೆಗೆ ತಂತಿ ಕೊಟ್ಟು, ನನ್ನ ಚಾಪೆಯ ಮೇಲೆ ಕೂತು, ಅಪ್ಪನಿಗೆ ಇಷ್ಟವಾದ ಕಚೇರಿಯ ಪ್ಲೇಟು ಹಾಕಿದೆ. ಅರ್ಧ ಹೋಗಿರುತ್ತದೆ ಎಂದುಕೊಂಡಿದ್ದೆ. ಆಶ್ಚರ್ಯವೆಂದರೆ ಏನೂ ಹೋಗಿಲ್ಲ. ಅದೇ ಹಾಡು, ಅದೇ ಪಿಟೀಲು. ಮೃದಂಗ ತುಸು ಹಿಂದೆ ಸರಿದಂತೆ ಅನಿಸಿತು, ಆದರೆ ಆ ಪ್ಲೇಟಿನಲ್ಲಿ ಮೃದಂಗ ಯಾವತ್ತೂ ಹಿಂದೆಯೇ. ಕುರ್ಚಿಯ ಮೇಲೆ ಅಪ್ಪನ ಟವೆಲ್ ಹಾಗೇ ಇದೆ. ನಾನು ತೆಗೆದಿಲ್ಲ.

ಕೇಳಲು ಸಾಲುತ್ತದೆ ಎಂದ ಮಾತ್ರಕ್ಕೆ ಬಿಟ್ಟುಕೊಡುವುದು ಎಂದಲ್ಲ. ಅದು ಜೋಡಿ. ಅಪ್ಪನ ಜೋಡಿ.

1 ಡಿಸೆಂಬರ್, ಭಾನುವಾರ

ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ ಸಂಜೆ ಬಂದೆ. ಹೋಗಬಾರದಿತ್ತು.

ಅಪ್ಪನ ಪೆಟ್ಟಿಗೆ ಆತ್ರೇಯನ ಊಟದ ಕೋಣೆಯ ಮೂಲೆಯಲ್ಲಿದೆ. ಅದರ ಮೇಲೆ ಕ್ರೋಶ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಟೆಲಿಫೋನು. ಹಿಂದಿನಿಂದ ಒಂದು ಬಡಕಲು ತಂತಿ ಹೊರಟು ಹಳೆಯ ಟೇಪ್ ರೆಕಾರ್ಡರಿಗೆ ಸೇರಿದೆ. ತಮ್ಮನ ಹೆಂಡತಿ ರಂಜನಿ ಅದರ ಮುಂದೆ ಈಳಿಗೆಮಣೆ ಇಟ್ಟುಕೊಂಡು ತರಕಾರಿ ಹೆಚ್ಚುತ್ತಿದ್ದಳು. ಮಧ್ಯಾಹ್ನವೆಲ್ಲ ಇದೇ ಅವಳ ಜಾಗವಂತೆ. "ಮೊದ್ಲು ಟೇಪಲ್ಲಿ ಕೇಳ್ತಿದ್ದೆ ಅಕ್ಕ, ಡಬ್ಬದಲ್ಲಿ ಹಾಡ್ದಂಗಿರ್ತಿತ್ತು. ಇದ್ರಲ್ಲಿ ಮನುಷ್ಯರು ಹಾಡ್ತಾರೆ" ಎಂದಳು. ಅವಳಿಗೆ ಏನು ಗೊತ್ತು ಎಂದುಕೊಂಡೆ. ಆದರೆ ಮಾತು ತಪ್ಪಲ್ಲ.

ಊಟವಾದ ಮೇಲೆ ಆತ್ರೇಯನಿಗೆ ನೇರವಾಗಿ ಹೇಳಿದೆ, ಅದನ್ನು ನನಗೆ ಕೊಟ್ಟುಬಿಡು, ಬೇಕಾದರೆ ಬೀರು ತೆಗೆದುಕೊಂಡು ಹೋಗು. ಅವನು ಬಾಯಿಗೆ ಅಡಿಕೆ ಹಾಕಿಕೊಂಡ. ಆಮೇಲೆ ಅಂದ:

"ಅಕ್ಕ, ನಿಂಗೆ ಮನೇನೂ ಸಿಕ್ತು, ಅಪ್ಪಾನೂ ಸಿಕ್ಕಿದ್ರು. ನಂಗೆ ಅದನ್ನ ಮುಟ್ಟೋಕೂ ಬಿಟ್ಟಿರ್ಲಿಲ್ಲ. ಈಗ ಮುಟ್ತಿದೀನಿ. ಇರ್ಲಿ ಬಿಡು."

ಅಪ್ಪ ಸಿಕ್ಕಿದ್ದರಂತೆ. ಕೊನೆಯ ಎರಡು ವರ್ಷ ಹಾಸಿಗೆಯಲ್ಲಿದ್ದವರನ್ನು ಎತ್ತಿ ಇಳಿಸಿದವಳು ನಾನು. ತಿಂಗಳಿಗೊಂದು ಭಾನುವಾರ ಕಿತ್ತಳೆ ಹಣ್ಣು ಹಿಡಿದು ಬರುತ್ತಿದ್ದವನು ಇವನು. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಹಲ್ಲು ಕಚ್ಚಿಕೊಂಡೇ ಬಂದಿದ್ದೆ, ದವಡೆ ಇನ್ನೂ ನೋಯುತ್ತಿದೆ.

12 ಡಿಸೆಂಬರ್, ಗುರುವಾರ

ಆತ್ರೇಯನಿಗೆ ಕಾಗದ ಬರೆದೆ. ನಾಲ್ಕು ಪುಟ. ಅಪ್ಪನ ಹಾಸಿಗೆ, ಔಷಧಿ, ಬೆನ್ನಿನ ಹುಣ್ಣು, ಎಲ್ಲವನ್ನೂ ಬರೆದೆ. ಪೋಸ್ಟ್ ಮಾಡಿ ಬಂದ ಮೇಲೆ ಮನಸ್ಸು ಹಗುರವಾಯಿತು. ಅವನು ಓದಿ ನೊಂದುಕೊಳ್ಳಲಿ.

4 ಜನವರಿ 1997, ಶನಿವಾರ

ಕಾಗದಕ್ಕೆ ಉತ್ತರವಿಲ್ಲ.

ಪೆಟ್ಟಿಗೆಯಲ್ಲಿ ಏನೋ ಜರಜರ ಸದ್ದು ಬರುತ್ತಿತ್ತು. ಅರಕಲಗೂಡಿನಿಂದ ರುದ್ರೇಶನನ್ನು ಕರೆಸಿದೆ. ರೇಡಿಯೋ ರಿಪೇರಿಯವನು, ಅಪ್ಪ ಇವನನ್ನು ಬಿಟ್ಟು ಬೇರೆಯವರನ್ನು ನಂಬುತ್ತಿರಲಿಲ್ಲ. ಬಟ್ಟೆ ಬಿಚ್ಚಿ, ಕೋನಿನ ಸುತ್ತ ಬೆರಳಾಡಿಸಿ, ಅಂಚು ಒಂದು ಕಡೆ ಬಿಟ್ಟುಕೊಂಡಿದ್ದನ್ನು ತೋರಿಸಿದ. ತೆಳ್ಳನೆ ಚರ್ಮದ ಪಟ್ಟಿ ಕತ್ತರಿಸಿ ಗೋಂದು ಹಾಕಿ ಕೂರಿಸಿದ. ಬಾಣಂತಿಯನ್ನು ಮುಟ್ಟುವಷ್ಟು ಮೆತ್ತಗೆ ಮುಟ್ಟುತ್ತಾನೆ, ಅದನ್ನು ಒಪ್ಪಬೇಕು. ಇಂಥ ಕಾಗದ ಈಗ ಯಾರೂ ಮಾಡುವುದಿಲ್ಲ, ಇಪ್ಪತ್ತು ವರ್ಷ ಹಾಡಿ ಹಾಡಿ ಹದಕ್ಕೆ ಬಂದಿದೆ ಎಂದ.

ಗೋಂದು ಒಣಗಿದ ಮೇಲೆ ಆ ಕಚೇರಿಯ ಪ್ಲೇಟನ್ನೇ ಹಾಕಿದೆ. ಅವನು ಒಂದೆರಡು ನಿಮಿಷ ಕೇಳಿ ಇನ್ನೊಂದು ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ಹಾಸನದಲ್ಲಿದೆ ಎಂದೆ.

"ಅಂಗಾರೆ ನಿಮ್ಗೆ ಅರ್ದ ಕಚೇರಿ ಕೇಳುಸ್ತಾ ಅದೆ ಮೇಡಂ. ಮೃದಂಗ ಪೂರ್ತಿ ಆ ಕಡೆ ಪೆಟ್ಟಿಗೇಲದೆ" ಎಂದ.

ಈ ಪ್ಲೇಟಿನಲ್ಲಿ ಮೃದಂಗ ಯಾವತ್ತೂ ಹೀಗೇ ಎಂದೆ. ಅವನು ಇಲ್ಲ ಎಂದು ತಲೆಯಾಡಿಸಿದ. ಹದಿನೆಂಟು ವರ್ಷ ನೂರು ಸಲ ಕೇಳಿದವಳಿಗೆ ಪಾಠ ಹೇಳಲು ಬಂದ. ನನ್ನ ಕಿವಿ ನನಗೆ ಗೊತ್ತಿದೆ, ನಿನ್ನ ಕೆಲಸ ಆಯಿತಲ್ಲ, ಹೊರಡು ಎಂದೆ. ಕಾಫಿಗೆ ಇಟ್ಟಿದ್ದ ಹಾಲನ್ನು ಒಲೆಯಿಂದ ಇಳಿಸಿಬಿಟ್ಟೆ. ಅಪ್ಪ ಇದ್ದಿದ್ದರೆ ಅವನಿಗೆ ಇಷ್ಟು ಬಾಯಿ ಇರುತ್ತಿರಲಿಲ್ಲ.

14 ಜನವರಿ, ಮಂಗಳವಾರ

ಸಂಕ್ರಾಂತಿ. ಎಳ್ಳು ಬೀರುವಂತಿಲ್ಲ. ಹತ್ತು ಗಂಟೆಗೆ ಆತ್ರೇಯ ಒಬ್ಬನೇ ಬಂದ. ಕಾಗದ ಜೇಬಿನಲ್ಲಿತ್ತು, ಮಡಿಕೆಯಲ್ಲಿ ಸವೆದು ಹೋಗಿತ್ತು. ಉಪ್ಪಿಟ್ಟು ಮಾಡಿ ತಟ್ಟೆಗೆ ಹಾಕಿಕೊಟ್ಟೆ. ಅವನು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಇಷ್ಟೆಲ್ಲ ಬರೀಬಾರ್ದಿತ್ತು ಅಕ್ಕ. ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ಯಾ?" ಎಂದ.

ಗೊತ್ತಿದ್ದರೆ ಪೆಟ್ಟಿಗೆ ತಂದಿರಬೇಕಿತ್ತಲ್ಲ ಎಂದೆ.

ಪೆಟ್ಟಿಗೆಯ ಮಾತು ಬಿಟ್ಟು ಬೇರೆ ಮಾತಾಡೋಣ ಎಂದ. ಇದ್ದರೆ ಆ ಮಾತು, ಇಲ್ಲದಿದ್ದರೆ ಯಾವ ಮಾತೂ ಬೇಡ ಎಂದೆ. ಅದು ಈ ಮನೆಗೆ ಬರುವ ತನಕ ನೀನೂ ಬರಬೇಡ ಎಂದೆ. ನಲವತ್ತು ತುಂಬಿದ ಗಂಡಸು, ಕಣ್ಣೊರೆಸಿಕೊಳ್ಳಲು ಟವೆಲ್ ಹುಡುಕಿದ. ಕೈಗೆ ಸಿಕ್ಕಿದ್ದು ಕುರ್ಚಿಯ ಮೇಲಿದ್ದ ಅಪ್ಪನ ಟವೆಲ್. ಅದನ್ನು ಮುಟ್ಟಬೇಡ ಎಂದು ಕಿತ್ತುಕೊಂಡೆ.

ತಿನ್ನದೆ ಎದ್ದು ಹೋದ. ಉಪ್ಪಿಟ್ಟನ್ನು ಸಣ್ಣಕ್ಕನಿಗೆ ಕೊಟ್ಟೆ. ಅವಳು ಉಪ್ಪು ಜಾಸ್ತಿ ಎಂದಳು.

9 ಫೆಬ್ರವರಿ, ಭಾನುವಾರ

ಹಾಸನದಲ್ಲಿ ಅಪ್ಪನ ಮಾಸಿಕ. ಹೋಗಲಿಲ್ಲ. ಇಲ್ಲೇ ಸಂಜೆ ಪ್ಲೇಟು ಹಾಕಿದೆ. ಕರೆಂಟ್ ಹೋಯಿತು. ತಟ್ಟೆ ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು, ಹಾಡುವವರ ದನಿ ಕುಸಿದು ಮುದುಕರ ನರಳಾಟದಂತೆ ಆಯಿತು. ಒಬ್ಬಳೇ ಕತ್ತಲಲ್ಲಿ ಅತ್ತೆ. ಅಪ್ಪನಿಗಾಗಿ ಎಂದುಕೊಂಡಿದ್ದೇನೆ.

1 ಮಾರ್ಚ್, ಶನಿವಾರ

ಬೆಳಗಿನ ಸ್ಕೂಲು ಮುಗಿಸಿ ಬಂದರೆ ಜಗಲಿಯ ಮೇಲೆ ರಂಜನಿ. ಪಕ್ಕದಲ್ಲಿ ಹಳೆಯ ರೇಷ್ಮೆ ಸೀರೆಯಲ್ಲಿ ಸುತ್ತಿದ ಪೆಟ್ಟಿಗೆ. ಬಸ್ಸಿನಲ್ಲಿ ಮೇಲೆ ಹಾಕಲು ಕಂಡಕ್ಟರ್ ಎಷ್ಟು ಹೇಳಿದರೂ ಒಪ್ಪದೆ ಹಾಸನದಿಂದ ತೊಡೆಯ ಮೇಲೇ ಇಟ್ಟುಕೊಂಡು ಬಂದಳಂತೆ. ಕಾಲು ಜೋಮು ಹಿಡಿದು ಎದ್ದು ನಿಲ್ಲಲಾಗುತ್ತಿರಲಿಲ್ಲ.

ಆತ್ರೇಯನಿಗೆ ಹೇಳಿಯೇ ತಂದಿದ್ದಾಳೆ. ಮೂರು ದಿನ ಹಟ ಹಿಡಿದು ಒಪ್ಪಿಸಿದಳಂತೆ. ನೀರು ಕುಡಿದು ಹೇಳಿದಳು:

"ಸಂಕ್ರಾಂತಿಯಿಂದ ಅವ್ರು ಸರಿಯಾಗಿ ಊಟ ಮಾಡಿಲ್ಲ. ಪೆಟ್ಟಿಗೆ ನೀವೇ ಇಟ್ಕೊಳ್ಳಿ ಅಕ್ಕ. ಅವ್ರ ಹತ್ರ ಮಾತಾಡಿ. ನಂಗೆ ಅಷ್ಟು ಸಾಕು."

ಮಾತಾಡುತ್ತೇನೆ, ಭಾನುವಾರ ನೋಡಿಕೊಂಡು ಕರೆದುಕೊಂಡು ಬಾ ಎಂದೆ. ಅವಳ ಮುಖ ಅರಳಿತು. ಬಂದಾಗ ಒಂದು ಸಲ ಎರಡೂ ಪೆಟ್ಟಿಗೆ ಹಾಕಿ ಕೇಳಿಸುತ್ತೀರಾ ಎಂದು ಕೇಳಿದಳು. ನಾಲ್ಕು ತಿಂಗಳು ಒಂದನ್ನೇ ಕೇಳಿದ್ದಾಳೆ, ಎರಡು ಸೇರಿದರೆ ಹೇಗಿರುತ್ತದೆ ಎಂದು ತರಕಾರಿ ಹೆಚ್ಚುವಾಗೆಲ್ಲ ಯೋಚಿಸುತ್ತಿದ್ದಳಂತೆ. ಅದಕ್ಕೇನು, ಆಗಲಿ ಎಂದೆ. ಮಕ್ಕಳನ್ನು ಪಕ್ಕದ ಮನೆಯ ಕಾಮಾಕ್ಷಮ್ಮನ ಹತ್ತಿರ ಬಿಟ್ಟು ಬಂದಿದ್ದರಿಂದ ಎರಡು ಗಂಟೆಯ ಬಸ್ಸಿಗೆ ಹೊರಟಳು. ಸೀರೆಯನ್ನು ಮಾತ್ರ ಮಡಿಸಿ ತೆಗೆದುಕೊಂಡು ಹೋದಳು.

ಪೆಟ್ಟಿಗೆಯ ನೆತ್ತಿಯ ಮೇಲೆ ಟೆಲಿಫೋನಿನ ಗೀರು ಬಿದ್ದಿದೆ. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

2 ಮಾರ್ಚ್, ಭಾನುವಾರ

ಇದನ್ನು ಬರೆಯಲು ಕೈ ಓಡುತ್ತಿಲ್ಲ.

ಬೆಳಿಗ್ಗೆ ಪೆಟ್ಟಿಗೆಯನ್ನು ನೆಲದ ಗುರುತಿನ ಮೇಲೆ ಸರಿಯಾಗಿ ಕೂರಿಸಿ ತಂತಿ ಕೊಟ್ಟು ಆ ಕಚೇರಿಯ ಪ್ಲೇಟು ಹಾಕಿದೆ. ಎರಡೂ ಹಾಡುತ್ತಿವೆಯೇ ಎಂದು ನೋಡಲು ನಡುವೆ ನಿಂತೆ. ನಿಂತರೆ ಸರಿಯಾಗಿ ತಿಳಿಯಲಿಲ್ಲ, ಕುರ್ಚಿಯಲ್ಲಿ ಕೂತೆ. ಟವೆಲ್ ತೆಗೆದು ಹಿಂದಕ್ಕೆ ಹಾಕಿದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಪೆಟ್ಟಿಗೆಗಳಿಂದ ಹಾಡು ಬರಲಿಲ್ಲ. ಎರಡೂ ಪೆಟ್ಟಿಗೆ ಸುಮ್ಮನಿದ್ದವು. ಹಾಡು ಬಂದದ್ದು ಗೋಡೆಯಿಂದ, ಸೊಸೈಟಿಯವರ ಕ್ಯಾಲೆಂಡರ್ ನೇತಾಡುವ ಕಡೆಯಿಂದ. ಹಾಡುವವರು ಅಲ್ಲಿ, ನನ್ನ ಎದುರಿಗೆ, ನಾಲ್ಕು ಮಾರು ದೂರದಲ್ಲಿ ಕೂತಿದ್ದರು. ಅವರ ಬಲಕ್ಕೊಬ್ಬರು ಎಡಕ್ಕೊಬ್ಬರು. ಪಿಟೀಲು ಒಂದು ಕಡೆ. ಇನ್ನೊಂದು ಕಡೆ ಮೃದಂಗ, ಹಿಂದೆ ಅಲ್ಲ, ಮುಂದೆ, ಎಡಗೈ ಅಂಗೈ ಒತ್ತಿ ಗುಮ್ಮೆನ್ನಿಸುವುದು ಹೊಟ್ಟೆಗೇ ತಾಗುವಂತೆ. ಎದ್ದು ಹೋಗಿ ಗೋಡೆ ಮುಟ್ಟಿದೆ. ತಣ್ಣಗಿತ್ತು. ನನ್ನ ಚಾಪೆಯ ಮೇಲೆ ಕೂತು ನೋಡಿದೆ. ಎಲ್ಲರೂ ಬಲಗಡೆ ಪೆಟ್ಟಿಗೆಯೊಳಗೆ ಹೋಗಿ ಸೇರಿಕೊಂಡರು. ಕುರ್ಚಿಗೆ ಬಂದೆ. ಮತ್ತೆ ಬಂದು ಎದುರಿಗೆ ಕೂತರು.

ರುದ್ರೇಶ ಹೇಳಿದ್ದು ನಿಜ. ಅವನನ್ನು ಕಾಫಿ ಕೊಡದೆ ಕಳಿಸಿದ್ದೆ.

ಅಪ್ಪ ಎಷ್ಟೋ ಸಲ, ಎದುರಿಗೇ ಕೂತು ಹಾಡಿದ ಹಾಗಿದೆ ಅಲ್ವೇನೆ ಎಂದಿದ್ದರು. ಹಾಗೆ ಹೇಳುವುದು ಒಂದು ರೂಢಿ ಎಂದುಕೊಂಡು ನಾನು ಹೂಂ ಎನ್ನುತ್ತಿದ್ದೆ. ಮೃದಂಗದವರ ಎಡಗೈ ನೋಡು ಎನ್ನುತ್ತಿದ್ದರು. ಅದಕ್ಕೂ ಹೂಂ. ನನಗೆ ಕೇಳುತ್ತಿದ್ದುದೇ ಬೇರೆ. ಹದಿನೆಂಟು ವರ್ಷ ನಾವಿಬ್ಬರೂ ಕೇಳಿದ್ದೇವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಕೇಳಿದವರು ಅವರೊಬ್ಬರೇ. ನಾನು ಪ್ಲೇಟು ತಿರುಗಿಸಿದೆ.

ಅವರಿಗೆ ಗೊತ್ತಿತ್ತು. ಎರಡೂ ಪೆಟ್ಟಿಗೆಗೆ ಸರಿಸಮ ದೂರದಲ್ಲಿ ಕುರ್ಚಿಯನ್ನು ಗೇಣು ಹಾಕಿ ಅಳೆದು ಇಟ್ಟವರು ಅವರು. ಒಂದು ಸಲ, ಹಬ್ಬದ ದಿನವಾದರೂ, ನನ್ನ ಹುಟ್ಟುಹಬ್ಬದ ದಿನವಾದರೂ, ಬಾ ಚೂಡಾ, ಇಲ್ಲಿ ಕೂತು ಕೇಳು ಎನ್ನಬಹುದಿತ್ತು. ಎದ್ದರೆ ಏನು ಸವೆಯುತ್ತಿತ್ತು? ಅವರ ಮಲ ಮೂತ್ರ ಬಳಿದ ಕೈ ಇದು. ಹಾಸಿಗೆ ಹಿಡಿದ ಮೇಲೂ ಸಂಜೆಯಾದರೆ ಅವರನ್ನು ಎತ್ತಿ ತಂದು ಆ ಕುರ್ಚಿಯಲ್ಲಿ ನಾನೇ ಕೂರಿಸುತ್ತಿದ್ದೆ, ಕೂರಿಸಿ ಚಾಪೆಗೆ ಹೋಗುತ್ತಿದ್ದೆ.

ಟವೆಲನ್ನು ಒಗೆಯಲು ಹಾಕಿದೆ.

3 ಮಾರ್ಚ್, ಸೋಮವಾರ

ಸ್ಕೂಲಿಗೆ ರಜೆ ಹಾಕಿದೆ. ಬೆಳಗಿನಿಂದ ಕೇಳಿದೆ. ಅನ್ನ ಮಾಡಲಿಲ್ಲ.

11 ಮಾರ್ಚ್, ಮಂಗಳವಾರ

ಎಲ್ಲ ಪ್ಲೇಟುಗಳನ್ನೂ ಮೊದಲಿನಿಂದ ಕೇಳುತ್ತಿದ್ದೇನೆ. ಒಂದರಲ್ಲೂ ನನಗೆ ಗೊತ್ತಿದ್ದದ್ದು ಇಲ್ಲ. ವೀಣೆಯ ಪ್ಲೇಟಿನಲ್ಲಿ ಒಬ್ಬರು ಘಟ ಬಾರಿಸುತ್ತಾರೆ. ಹದಿನೆಂಟು ವರ್ಷ ಅದನ್ನು ದೂರದಲ್ಲಿ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎನ್ನುವಷ್ಟಕ್ಕೆ ಕೇಳಿದ್ದೆ.

ಒಂದೇ ತೊಂದರೆ. ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಎದ್ದು ಹೋಗಿ ತಿರುಗಿಸಿ ಬಂದು ಕೂರುವಷ್ಟರಲ್ಲಿ ಅವರು ಎದುರಿನಿಂದ ಎದ್ದು ಹೋಗಿರುತ್ತಾರೆ, ಮತ್ತೆ ಬಂದು ಕೂರಲು ಹೊತ್ತು ಹಿಡಿಯುತ್ತದೆ. ಸಣ್ಣಕ್ಕನಿಗೆ ಹೇಳಿಕೊಡೋಣವೆಂದರೆ ಅವಳ ಕೈ ಒರಟು.

16 ಮಾರ್ಚ್, ಭಾನುವಾರ

ಹನ್ನೊಂದು ಗಂಟೆಗೆ ಆತ್ರೇಯ, ರಂಜನಿ ಬಂದರು. ಕೊಟ್ಟ ಮಾತಿನಂತೆ ಮಾತಾಡಿಸಿದೆ. ಪ್ರಯಾಣ, ಮಕ್ಕಳ ಪರೀಕ್ಷೆ, ಬಿಸಿಲು. ಆತ್ರೇಯ ಸೊರಗಿದ್ದಾನೆ. ಹುಳಿಯನ್ನ ಎರಡು ಸಲ ಬಡಿಸಿಕೊಂಡು ಉಂಡ. ಅದನ್ನು ನೋಡಿ ರಂಜನಿ ಕಣ್ಣೊರೆಸಿಕೊಂಡಳು.

ಊಟವಾದ ಮೇಲೆ ಕಚೇರಿಯ ಪ್ಲೇಟು ಹಾಕಿ ನಾನು ಕುರ್ಚಿಯಲ್ಲಿ ಕೂತೆ. ರಂಜನಿ ಎಲ್ಲಿ ಕೂರಬೇಕೆಂದು ತಿಳಿಯದೆ ಹಜಾರದಲ್ಲಿ ನಿಂತಿದ್ದಳು. ಎಡಗಡೆ ಪೆಟ್ಟಿಗೆ ನಿನಗೆ ಅಭ್ಯಾಸವಿದೆಯಲ್ಲ, ಅದರ ಹತ್ತಿರ ಕೂತುಕೋ ಎಂದೆ. ಕೂತಳು. ಸ್ವಲ್ಪ ಹೊತ್ತಿಗೆ ಕತ್ತು ಉದ್ದ ಮಾಡಿ ಎರಡೂ ಕಡೆ ನೋಡಿ, "ಎರಡು ಇದ್ರೂ ನಂಗೆ ಒಂದೇ ಕೇಳುಸ್ತಿದೆಯಲ್ಲ ಅಕ್ಕ. ನೀವು ಕೂತಿರೋ ಕಡೆ ಬೇರೆ ಥರ ಇರುತ್ತಾ?" ಎಂದಳು.

"ಎಲ್ಲಾ ಕಡೆ ಒಂದೇ" ಎಂದೆ. ಹೇಳಿದರೆ ಅರ್ಥವಾಗುವಂಥದ್ದಲ್ಲ. ಅದಕ್ಕೆ ಕಿವಿ ಪಳಗಬೇಕು.

ಆತ್ರೇಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಬಾ ಕೂತುಕೋ ಎಂದರೆ ಬೇಡ ಎಂದ. ಚಪ್ಪಲಿ ಮೆಟ್ಟಿ ಬೀದಿಗೆ ಹೋದವನು ಪ್ಲೇಟು ಮುಗಿಯುವ ತನಕ ಒಳಗೆ ಬರಲಿಲ್ಲ. ಅವನಿಗೆ ಸಂಗೀತ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಒಂದು ಮುಖ ಮುಗಿದಾಗ ರಂಜನಿಯನ್ನು ಪ್ಲೇಯರ್ ಹತ್ತಿರ ಕರೆದು, ಮುಳ್ಳು ಹೇಗೆ ಎತ್ತುವುದು, ಪ್ಲೇಟನ್ನು ಅಂಚಿನಲ್ಲಿ ಹೇಗೆ ಹಿಡಿದು ತಿರುಗಿಸುವುದು ಎಂದು ಹೇಳಿಕೊಟ್ಟೆ. ನಾಜೂಕಿನ ಕೈ. ಎರಡನೇ ಸಲಕ್ಕೆ ಸದ್ದೇ ಆಗದಂತೆ ಮುಳ್ಳು ಇಳಿಸಿದಳು. ಹೊರಡುವಾಗ ನಾನೇ ಕುಂಕುಮ ಕೊಟ್ಟು, ಇನ್ನು ಪ್ರತಿ ಭಾನುವಾರ ಬಾ ಎಂದೆ. ಪಾಪ, ಎಷ್ಟು ಹಿಗ್ಗಿದಳು. ಅವಳು ಬಂದರೆ ನಾನು ನಡುವೆ ಏಳುವ ಕಷ್ಟವಿಲ್ಲ.